ಕಿಂಡಿ ಅಣೆಕಟ್ಟನ್ನು ಸೇತುವೆ ಎಂದು ಬರೆದವನು

ಈ ಕೆಲಸಕ್ಕೆ ಹೊಸತಾಗಿ ಸೇರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನಿಮಗೆ ಕಂಪ್ಯೂಟರ್ ಕೊಡುತ್ತಾರೆ, ಜೀಪು ಕೊಡುವುದಿಲ್ಲ. ಜೀಪು ಬೇಕೆಂದರೆ, ಉಪಗ್ರಹವೇ ಮೇಲಿನಿಂದ ಎಲ್ಲವನ್ನೂ ನೋಡುತ್ತಿರುವಾಗ ನೀವು ಕೆಳಗೆ ಹೋಗಿ ಹೊಸತಾಗಿ ನೋಡುವುದೇನುಂಟು ಎಂದು ಕೇಳುತ್ತಾರೆ. ಹಾಗೆ ಕೇಳುವವರು ಸಾಮಾನ್ಯವಾಗಿ ಜೀಪಿನಲ್ಲಿ ಕುಳಿತೇ ಕೇಳುತ್ತಾರೆ. ನಾನು ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಎಂದು ಮೂರು ಊರುಗಳ ನಡುವೆ ವರ್ಗವಾಗುತ್ತಾ ಸರ್ವೆಯರ್ ಆಗಿ ಸವೆದು, ಕೊನೆಯ ಎಂಟು ವರ್ಷ ನೆರೆ ನಕ್ಷೆ ಮಾಡಿದವನು. ಬಡ್ತಿಯ ಕಥೆ ಹೇಳುವುದಿಲ್ಲ. ಎರಡು ಸಿಕ್ಕಿದವು, ಎರಡೂ ನಾನು ಏನೂ ಕೆಲಸ ಮಾಡದ ವರ್ಷಗಳಲ್ಲಿ ಸಿಕ್ಕಿದವು.

ಮೊದಲು ನಮ್ಮದು ಸರಪಳಿಯ ಕಾಲ. ಸರಪಳಿ ಎಳೆದು, ಗಡಿಕಲ್ಲು ಹುಡುಕಿ, ಕಾಲಿಗೆ ಹತ್ತಿದ ಜಿಗಣೆಗಳನ್ನು ಸುಣ್ಣ ಹಚ್ಚಿ ಬಿಡಿಸಿಕೊಂಡು, ಸಂಜೆ ಯಾರದೋ ಚಾವಡಿಯಲ್ಲಿ ಕುಳಿತು ನಕ್ಷೆ ಬರೆಯುತ್ತಿದ್ದೆವು. ತಪ್ಪು ಬರೆದರೆ ಆ ಮನೆಯವರೇ ಅಲ್ಲಿಯೇ ಬೈಯುತ್ತಿದ್ದರು. ಆ ವ್ಯವಸ್ಥೆ ಬಹಳ ಹಳೆಯದಾಯಿತು ಎಂದು ತೀರ್ಮಾನವಾಗಿ, ಒಂದು ದಿನ ಸಾಹೇಬರು ನನ್ನನ್ನು ಕರೆದು, "ನಿಮಗೆ ಕಂಪ್ಯೂಟರ್ ಬರ್ತದಲ್ಲ?" ಎಂದು ಕೇಳಿದರು. ಅದರಲ್ಲಿ ಇಸ್ಪೀಟು ಆಡಲು ಬರುತ್ತದೆ ಎಂದೆ. ಅಷ್ಟು ಸಾಕು ಎಂದು ನನ್ನನ್ನು ಐದು ದಿನದ ತರಬೇತಿಗೆ ಬೆಂಗಳೂರಿಗೆ ಕಳುಹಿಸಿದರು.

ತರಬೇತಿ ಕೊಟ್ಟ ಯುವಕ ಬಹಳ ಬುದ್ಧಿವಂತ. ಬಯಲುಸೀಮೆಯ ಯಾವುದೋ ದೊಡ್ಡ ನದಿಯ ನಕ್ಷೆ ಹಾಕಿ, ನೀರು ನಿಧಾನವಾಗಿ ಏರುತ್ತದೆ, ಜನರಿಗೆ ಎಚ್ಚರಿಕೆ ಕೊಡಲು ಮೂರು ದಿನ ಸಮಯವಿರುತ್ತದೆ ಎಂದು ವಿವರಿಸಿದ. ನಾನು ಕೈ ಎತ್ತಿ, ನಮ್ಮ ಚಾರ್ಮಾಡಿ ಕಡೆಯ ಹೊಳೆಗಳಲ್ಲಿ ಘಟ್ಟದ ಮೇಲೆ ಮಳೆ ಹೊಡೆದರೆ ಗಂಟೆಯೊಳಗೆ ನೀರು ಬಂದು, ಅಂಗಳ ತೊಳೆದು, ಸಂಜೆಗೆ ಇಳಿದೂ ಹೋಗುತ್ತದೆ, ಅದಕ್ಕೆ ಏನು ಮಾಡುವುದು ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿ, "ಅದು ನಮ್ಮ ಮಾದರಿಯಲ್ಲಿ ಬರೋದಿಲ್ಲ ಸಾರ್" ಎಂದ. ಮಾದರಿಯಲ್ಲಿ ಬರುವುದಿಲ್ಲ, ಮನೆಯೊಳಗೆ ಬರುತ್ತದೆ. ಪ್ರಮಾಣಪತ್ರ ತೆಗೆದುಕೊಂಡು ಊರಿಗೆ ಬಂದೆ.

ನನ್ನ ಮೊದಲ ನೆರೆ ನಕ್ಷೆ ವೇಣೂರಿನ ಕಡೆಯದು. ಫಲ್ಗುಣಿ ನದಿಯ ದಂಡೆಯಲ್ಲಿ ಎಲ್ಲಿ ನೀರು ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಬಣ್ಣ ಹಾಕಿ ಪಂಚಾಯತಿಯ ಗೋಡೆಗೆ ಅಂಟಿಸಿದ್ದೆವು. ಎರಡನೇ ದಿನವೇ ಅಲ್ಲಿನ ಹಿರಿಯ ಜಮೀನುದಾರರೊಬ್ಬರು, ಹೆಗ್ಡೆಯವರು, ಹೇಳಿ ಕಳುಹಿಸಿದರು. ಹೋದೆ. ಬೆಲ್ಲ ನೀರು ಕೊಟ್ಟು ಕೂರಿಸಿ, ಬಹಳ ಮರ್ಯಾದೆಯಿಂದ ಕೇಳಿದರು.

"ನನ್ನ ಬೈಲನ್ನು ಗುಡ್ಡೆ ಮಾಡಿದ್ದು ನೀವೇಯಾ?"

"ನಾನಲ್ಲ ಹೆಗ್ಡೇರೆ, ಉಪಗ್ರಹ" ಎಂದೆ.

"ಹಾಗಾ? ಪ್ರತಿ ಆಟಿ ತಿಂಗಳ ಜೋರು ಮಳೆಗೆ ನನ್ನ ಪಂಪ್ ಶೆಡ್ಡಿಗೆ ನೀರು ಬರ್ತದೆ ಮಾರಾಯ್ರೆ. ಅದು ಗುಡ್ಡೆ ಹತ್ತಿ ಬರ್ತದೆ ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ ನೋಡಿ."

ವಿಷಯ ಇಷ್ಟೇ. ಉಪಗ್ರಹ ಮೇಲಿನಿಂದ ಎತ್ತರ ಅಳೆಯುವಾಗ ಅದಕ್ಕೆ ಮೊದಲು ಸಿಗುವುದು ಅಡಿಕೆ ಮರದ ಮಂಡೆ. ಅದನ್ನೇ ನೆಲ ಎಂದು ಬರೆದುಕೊಳ್ಳುತ್ತದೆ. ಹಾಗಾಗಿ ಅಡಿಕೆ ತೋಟಗಳಿರುವ ಬೈಲು, ಅಂದರೆ ಊರಿನ ಅತಿ ತಗ್ಗಿನ ಜಾಗವೆಲ್ಲ ನನ್ನ ನಕ್ಷೆಯಲ್ಲಿ ಗುಡ್ಡವಾಗಿತ್ತು, ನಿಜವಾದ ಬೋಳು ಗುಡ್ಡಗಳು ತಗ್ಗಾಗಿದ್ದವು. ಹೆಗ್ಡೆಯವರ ಮನೆಯ ದೋಟಿಯನ್ನೇ ಕೇಳಿ ಪಡೆದು, ಮರಗಳ ಎತ್ತರ ಅಳೆದು, ಅಷ್ಟನ್ನು ಕಳೆದು ನಕ್ಷೆ ಸರಿಪಡಿಸಿದೆ. ಅಡಿಕೆ ಕೊಯ್ಯುವ ಕೋಲು ವರದಿಯಲ್ಲಿ 'ಸ್ಥಳೀಯ ತಂತ್ರಜ್ಞಾನದ ನವೀನ ಅಳವಡಿಕೆ' ಎಂದು ಹೋಯಿತು, ಸಾಹೇಬರು ಅದರ ಬಗ್ಗೆ ಎರಡು ಕಡೆ ಭಾಷಣ ಮಾಡಿದರು.

ಬಂಟ್ವಾಳದಲ್ಲಿ ಇನ್ನೊಂದು ಮರ್ಯಾದೆ ಕಾದಿತ್ತು. ನೇತ್ರಾವತಿ ಏರಿದರೆ ಪೇಟೆಯ ತಗ್ಗಿನ ಅಂಗಡಿಗಳಿಗೆ ಮೊಬೈಲಿನಲ್ಲಿ ಸಂದೇಶ ಹೋಗುವಂತೆ ಮಾಡಿದ್ದೆವು. ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನಾನೇ ಸ್ವತಃ ಅಲ್ಲಿ ಹೋಗಿ ನಿಂತೆ, ನಮ್ಮ ಸಂದೇಶ ತಲುಪುವ ಸಂಭ್ರಮ ನೋಡಲಿಕ್ಕೆ. ಒಬ್ಬರು ದಿನಸಿ ವ್ಯಾಪಾರಿ ಮೊಣಕಾಲು ನೀರಿನಲ್ಲಿ ನಿಂತು, ಕೊನೆಯ ಅಕ್ಕಿ ಚೀಲವನ್ನು ಅಟ್ಟಕ್ಕೆ ಏರಿಸುತ್ತಿದ್ದಾಗ ಅವರ ಕಿಸೆಯಲ್ಲಿ ಫೋನು ಟಿಣ್ ಎಂದಿತು. ತೆಗೆದು ಓದಿ, ನನ್ನ ಮುಖ ನೋಡಿ, "ನೀರು ಬರ್ಲಿಕ್ಕುಂಟಂತೆ, ಜಾಗ್ರತೆ ಮಾಡಿ" ಎಂದರು. ನಾನು ಪ್ಯಾಂಟು ಮಡಚಿಕೊಂಡು ಬಸ್ ನಿಲ್ದಾಣದ ಕಡೆ ನಡೆದೆ.

ಸಾಹೇಬರ ಬಗ್ಗೆಯೂ ಒಂದು ಮಾತು ಹೇಳಬೇಕು. ನನಗೆ ಆರೇಳು ಮಂದಿ ಸಾಹೇಬರು ಬಂದುಹೋದರು. ನೆರೆ ನಕ್ಷೆಯ ಕಾಲದಲ್ಲಿದ್ದವರು ಕೆಟ್ಟವರೇನಲ್ಲ, ಬಣ್ಣದ ಬಗ್ಗೆ ಮಾತ್ರ ಬಹಳ ಸೂಕ್ಷ್ಮ. ನಕ್ಷೆಯಲ್ಲಿ ಕೆಂಪು ಎಂದರೆ ಅಪಾಯ, ಹಳದಿ ಎಂದರೆ ಎಚ್ಚರ, ಹಸಿರು ಎಂದರೆ ಸುರಕ್ಷಿತ. ಕೆಂಪು ಜಾಸ್ತಿಯಾದರೆ ಮೇಲಿನವರಿಗೆ ಕಣ್ಣು ಉರಿಯುತ್ತದೆ ಎಂದು ಅವರ ಅಭಿಪ್ರಾಯ. "ಸ್ವಲ್ಪ ಹಸಿರು ಕಾಣುವ ಹಾಗೆ ಮಾಡುವ" ಎನ್ನುತ್ತಿದ್ದರು. ಮಾಡಿಕೊಡುತ್ತಿದ್ದೆ. ನೆನಪಿಡಿ, ಸಾಹೇಬರು ನಿಮಗೆ ಸುಳ್ಳು ಬರೆಯಿರಿ ಎಂದು ಯಾವತ್ತೂ ಹೇಳುವುದಿಲ್ಲ. ನೋಡುವ, ಮಾಡುವ ಎಂದಷ್ಟೇ ಹೇಳುತ್ತಾರೆ, ಉಳಿದದ್ದನ್ನು ನಾವೇ ಮಾಡುತ್ತೇವೆ.

ಈಗ ನಡುಪಲ್ಕೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲಿಕ್ಕೆಂದೇ ಕುಳಿತವನು ಇಷ್ಟು ಹೊತ್ತು ಬೇರೆ ಏನೇನೋ ಹೇಳಿದೆ.

ನಡುಪಲ್ಕೆ ಘಟ್ಟದ ಬುಡದಲ್ಲಿ, ಹೊಳೆಯ ಪಕ್ಕದಲ್ಲಿ ಹನ್ನೊಂದು ಮನೆಗಳ ಜಾಗ. ಮನೆಗಳಿಂದ ಸ್ವಲ್ಪ ಕೆಳಗೆ ಹೊಳೆಗೆ ಅಡ್ಡವಾಗಿ ಒಂದು ಕಿಂಡಿ ಅಣೆಕಟ್ಟು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸಾಲಾಗಿ ಕಂಬಗಳು, ನಡುವೆ ಕಿಂಡಿಗಳು. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ನೀರು ನಿಲ್ಲಿಸುತ್ತಾರೆ. ಮಳೆ ಶುರುವಾಗುವ ಮೊದಲು ಹಲಗೆ ತೆಗೆದುಬಿಡುತ್ತಾರೆ. ಕಂಬಗಳ ಮೇಲೆ ಒಂದು ಬೈಕು ಹೋಗುವಷ್ಟು ಅಗಲದ ದಾರಿ. ನಮ್ಮ ತಾಲೂಕುಗಳಲ್ಲಿ ಇಂಥದ್ದು ಎಷ್ಟು ಉಂಟೆಂದರೆ ಯಾರೂ ಅದನ್ನು ಕಣ್ಣೆತ್ತಿ ನೋಡುವುದೂ ಇಲ್ಲ.

ನಮ್ಮ ಕಂಪ್ಯೂಟರಿನಲ್ಲಿ ಹೊಳೆಗೆ ಅಡ್ಡವಿರುವ ಕಟ್ಟಡಕ್ಕೆ ಎರಡೇ ಜಾತಿ: ಒಂದು ಸೇತುವೆ, ಇನ್ನೊಂದು ಅಣೆಕಟ್ಟು. ಅಣೆಕಟ್ಟು ಎಂದು ಒತ್ತಿದರೆ ಉದ್ದನೆಯ ಒಂದು ಅರ್ಜಿ ತೆರೆದುಕೊಳ್ಳುತ್ತದೆ. ಸುರಕ್ಷತಾ ಅಧಿಕಾರಿ ಯಾರು, ಗೇಟುಗಳೆಷ್ಟು, ಜಲಾಶಯದ ವಿಸ್ತಾರವೆಷ್ಟು ಎಂದೆಲ್ಲ ತುಂಬಿಸಿ, ಬೇರೆ ಇಲಾಖೆಗೆ ಪತ್ರ ಬರೆದು, ಅವರ ಉತ್ತರಕ್ಕೆ ಕಾಯಬೇಕು. ಸೇತುವೆ ಎಂದರೆ ಒಂದು ಒತ್ತು, ಮುಗಿಯಿತು. ಮೇಲೆ ಬೈಕು ಹೋಗುತ್ತದಲ್ಲ, ಸೇತುವೆಯೇ ಸರಿ ಎಂದು ನನಗೆ ನಾನೇ ಹೇಳಿಕೊಂಡು ಒತ್ತಿದೆ. ಆ ಜಾಗಕ್ಕೆ ಹೋಗಿಯೂ ನೋಡಲಿಲ್ಲ. ಜೀಪಿರಲಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ, ಆದರೆ ಬಸ್ಸು ಇತ್ತು.

ಸೇತುವೆಯ ಕೆಳಗೆ ನೀರು ಸಲೀಸಾಗಿ ಹೋಗುತ್ತದೆ ಎಂದು ಕಂಪ್ಯೂಟರ್ ನಂಬುತ್ತದೆ. ಹಾಗಾಗಿ ಅದರ ಮೇಲ್ಬದಿಯಲ್ಲಿದ್ದ ಹನ್ನೊಂದು ಮನೆಗಳು ಹಳದಿಯಾದವು, ಸ್ವಲ್ಪ ಎತ್ತರದಲ್ಲಿದ್ದ ಶಾಲೆ ಚಂದದ ಹಸಿರಾಯಿತು. ಸಾಹೇಬರಿಗೆ ಆ ಹಸಿರು ಬಹಳ ಇಷ್ಟವಾಯಿತು. ಶಾಲೆಯನ್ನೇ ನೆರೆ ಬಂದಾಗ ಜನರನ್ನು ಇರಿಸುವ ಕಾಳಜಿ ಕೇಂದ್ರ ಎಂದು ಆದೇಶ ಮಾಡಿದರು. ಮುಂದಿನ ಆದೇಶದವರೆಗೆ ಯಾರೂ ಕೇಂದ್ರ ಬಿಟ್ಟು ಹೋಗಬಾರದು ಎಂಬ ಸಾಲನ್ನು ಅದಕ್ಕೆ ಸೇರಿಸಿದವನು ನಾನು.

ಪಂಚಾಯತಿಯ ಗೋಡೆಯಲ್ಲಿ ಅದನ್ನು ನೋಡಿ ಸಂಜೀವಣ್ಣ ನಮ್ಮ ಕಚೇರಿಗೆ ಬಂದರು. ನಡುಪಲ್ಕೆಯವರು, ಅಲ್ಲಿನ ಕಿಂಡಿಗೆ ಹಲಗೆ ಹಾಕುವುದು, ತೆಗೆಯುವುದು ಅವರದೇ ಕೆಲಸ. ಚಪ್ಪಲಿ ಹೊರಗೆ ಬಿಟ್ಟು, ನನ್ನ ಮೇಜಿನ ಮುಂದೆ ನಿಂತರು.

"ಸರ್, ಅದು ಸೇತುವೆ ಅಲ್ಲ. ಕಿಂಡಿ."

"ಹಲಗೆ ತೆಗೆದ ಮೇಲೆ ಸೇತುವೆಯೇ ಅಲ್ವಾ ಸಂಜೀವಣ್ಣ?"

"ಹಲಗೆ ತೆಗೆದ್ರೂ ಕಂಬ ಉಂಟಲ್ಲ? ಘಟ್ಟದಲ್ಲಿ ಗುಡ್ಡೆ ಜರಿದ್ರೆ ಬೇರು ಸಮೇತ ಮರ ಬರ್ತದೆ. ಒಂದು ಅಡ್ಡ ಕೂತ್ರೆ ಹಿಂದಿನದ್ದೆಲ್ಲ ಅದಕ್ಕೇ ಕೂರ್ತದೆ. ಆಮೇಲೆ ನೀರು ಎಲ್ಲಿಗೆ ಹೋಗ್ಬೇಕು? ಹಿಂದೆ, ಶಾಲೆಗೇ ಬರ್ತದೆ."

ಅವರು ಹೇಳಿದ್ದು ಸರಿ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಮರದ ಎತ್ತರ ಕಳೆಯುವಷ್ಟು ಬುದ್ಧಿ ಇದ್ದವನಿಗೆ ಅಷ್ಟು ತಿಳಿಯದೆ ಇರುತ್ತದೆಯೆ? ಆದರೆ ಆದೇಶ ಹೊರಟುಹೋಗಿತ್ತು, ನಕ್ಷೆ ಅಚ್ಚಾಗಿತ್ತು. "ಒಂದು ಅರ್ಜಿ ಕೊಟ್ಟು ಹೋಗಿ, ನೋಡುವ" ಎಂದೆ. ಅಲ್ಲೇ ಬೆಂಚಿನಲ್ಲಿ ಕುಳಿತು ಬರೆದು ಕೊಟ್ಟರು. ಸ್ವೀಕೃತಿ ಮುದ್ರೆ ಒತ್ತಿ ಕಡತಕ್ಕೆ ಸೇರಿಸಿದೆ. ಹೋಗುವಾಗ ನನ್ನ ಫೋನ್ ನಂಬರ್ ಕೇಳಿ ತೆಗೆದುಕೊಂಡರು.

ಆ ವರ್ಷದ ಆಟಿಯಲ್ಲಿ ಘಟ್ಟದಲ್ಲಿ ಎರಡು ದಿನ ಬಿಡದೆ ಮಳೆ ಹೊಡೆಯಿತು. ಮೂರನೇ ದಿನ ಬೆಳಿಗ್ಗೆ ನಮ್ಮ ಸಿಬ್ಬಂದಿ ಹೋಗಿ ಹನ್ನೊಂದು ಮನೆಯವರನ್ನೂ ಶಾಲೆಗೆ ಸಾಗಿಸಿದರು. ಸಂಜೀವಣ್ಣನ ಮಗಳು ಹರಿಣಿ ಹೆರಿಗೆಗೆ ತಾಯಿಮನೆಗೆ ಬಂದಿದ್ದಳು. ಮಗುವಿಗೆ ಹನ್ನೊಂದು ದಿನ. "ಬಾಣಂತಿಯನ್ನು ಶಾಲೆಯ ತಣ್ಣನೆ ನೆಲದಲ್ಲಿ ಮಲಗಿಸ್ಲಿಕ್ಕೆ ಆಗುದಿಲ್ಲ, ನಾವು ಮೇಲೆ ಗುಡ್ಡೆಯಲ್ಲಿರುವ ನೆಂಟರ ಮನೆಗೆ ಹೋಗ್ತೇವೆ" ಎಂದು ಅವಳ ತಾಯಿ ಲೀಲಕ್ಕ ಹಟ ಹಿಡಿದರಂತೆ. ನಮ್ಮವರು ಮೊಬೈಲಿನಲ್ಲಿ ನನ್ನ ನಕ್ಷೆ ತೆಗೆದು, "ನೋಡಿ ಅಕ್ಕ, ಶಾಲೆ ಹಸಿರು" ಎಂದು ತೋರಿಸಿ, ತಾಯಿ ಮಗುವನ್ನು ಎಬ್ಬಿಸಿಕೊಂಡು ಹೋದರು. ಸಂಜೀವಣ್ಣ ಮಾತ್ರ ಕಿಂಡಿಯ ಹತ್ತಿರವೇ ಉಳಿದರು.

ಮಧ್ಯಾಹ್ನ ಊಟ ಮುಗಿಸಿ ಬಂದು ಕುಳಿತಿದ್ದೆ. ಸಂಜೀವಣ್ಣನ ಫೋನ್ ಬಂತು.

"ಸರ್, ಮರ ಕೂತಿದೆ. ನಾಲ್ಕು ಕಿಂಡಿ ಬಂದ್. ನೀರು ಹಿಂದೆ ಏರ್ತಾ ಉಂಟು. ಆಚೆ ದಂಡೆಯಲ್ಲಿದ್ದೇನೆ, ದಾಟ್ಲಿಕ್ಕೆ ಆಗುದಿಲ್ಲ. ಶಾಲೆಯಲ್ಲಿ ಯಾರ ಫೋನೂ ಸಿಗ್ತಾ ಇಲ್ಲ. ನೀವು ಹೇಳಿ ಸರ್, ನೀವು ಹೇಳಿದ್ರೆ ಮಾತ್ರ ಅವರು ಏಳ್ತಾರೆ."

ಸಾಹೇಬರ ಕೋಣೆಗೆ ಓಡಿದೆ. ಒಳಗೆ ಮೇಲಿನವರ ಜೊತೆ ವಿಡಿಯೋ ಸಭೆ ನಡೆಯುತ್ತಿತ್ತು. ಪರದೆಯ ಮೇಲೆ ನನ್ನದೇ ನಕ್ಷೆ. ಯಾರೋ ದೊಡ್ಡವರು ಅದನ್ನು ಹೊಗಳುತ್ತಿದ್ದರು, ಸಾಹೇಬರು ತಲೆ ಬಾಗಿಸಿ ನಗುತ್ತಿದ್ದರು. ನನ್ನನ್ನು ಕಂಡು, ಈಗ ಬೇಡ ಎಂದು ಕೈ ಸನ್ನೆ ಮಾಡಿದರು. ನಾನು ಬಾಗಿಲಲ್ಲೇ ನಿಂತೆ. ಎಷ್ಟು ಹೊತ್ತು ಎಂದು ಕೇಳಬೇಡಿ. ಒಂದು ಲೋಟ ಚಾ ಕುಡಿದು ಮುಗಿಸುವಷ್ಟು ಹೊತ್ತು ನಿಂತಿದ್ದೆ. ಆ ಹಸಿರು ಸುಳ್ಳು ಎಂದು ಎಲ್ಲರೆದುರು ಹೇಳಲು ಹೆದರಿಕೆಯಾಯಿತು. ಹನ್ನೊಂದು ದಿನದ ಮಗು ನೀರಿನ ಬಾಯಲ್ಲಿರುವಾಗ ನಾನು ನನ್ನ ಮಾನದ ಲೆಕ್ಕ ಹಾಕುತ್ತಿದ್ದೆ. ಇದನ್ನು ಇವತ್ತಿನವರೆಗೆ ಮನೆಯಲ್ಲೂ ಹೇಳಿಲ್ಲ.

ಹೊರಗೆ ಬಂದು ಶಾಲೆಯ ಶಾರದಾ ಟೀಚರಿಗೆ ಫೋನ್ ಹಚ್ಚಿದೆ. ಐದಾರು ಸಲ ಪ್ರಯತ್ನಿಸಿದ ಮೇಲೆ ಸಿಕ್ಕಿದರು. ಎಲ್ಲರನ್ನೂ ಹಿಂದಿನ ಗುಡ್ಡೆಗೆ ಹತ್ತಿಸಿ ಎಂದೆ.

"ಅದು ಹೇಗೆ ಸರ್? ಕೇಂದ್ರ ಬಿಟ್ಟು ಕದಲಬಾರದು ಅಂತ ಆದೇಶ ಉಂಟಲ್ಲ?"

"ಟೀಚರೇ, ಅದನ್ನು ಬರೆದವನೇ ಹೇಳ್ತಾ ಇದ್ದೇನೆ."

"ಹಾಗಾದ್ರೆ ಇದನ್ನೂ ಬರೆದು ಕಳಿಸಿ. ನಾಳೆ ಗುಡ್ಡೆಯಲ್ಲಿ ಯಾರಿಗಾದ್ರೂ ಎಂತಾದ್ರೂ ಆದ್ರೆ ನನ್ನನ್ನು ಹಿಡೀತಾರೆ."

ಅವರನ್ನು ದೂರುವುದಿಲ್ಲ. ಕಾಗದ ಇಲ್ಲದೆ ಯಾರೂ ಅಲುಗಾಡಬಾರದು ಎಂದು ಕಲಿಸಿದವರು ನಾವೇ. ಒಂದು ಹಾಳೆಯಲ್ಲಿ ಎರಡು ಸಾಲು ಗೀಚಿ, ಕೆಳಗೆ ಸಾಹೇಬರ ಪರವಾಗಿ ಎಂದು ನಾನೇ ಸಹಿ ಹಾಕಿ, ಅವರ ಮುದ್ರೆಯನ್ನು ಗುಮಾಸ್ತರ ಕೈಯಿಂದ ಕಿತ್ತುಕೊಂಡು ಒತ್ತಿ, ಫೋಟೊ ತೆಗೆದು ಕಳುಹಿಸಿದೆ. ವಾಟ್ಸಾಪಿನಲ್ಲಿ ಆ ಗೋಲ ಸುತ್ತುತ್ತಾ ಸುತ್ತುತ್ತಾ ಇತ್ತು. ನನ್ನ ಇಡೀ ಸರ್ವಿಸಿನಲ್ಲಿ ಅಷ್ಟು ಉದ್ದದ ಐದು ನಿಮಿಷ ಇನ್ನೊಂದಿಲ್ಲ. ಕೊನೆಗೆ ಎರಡು ಗೀಟೂ ನೀಲಿಯಾದವು.

ಉಳಿದದ್ದನ್ನು ಲೀಲಕ್ಕ ಆಮೇಲೆ ಹೇಳಿದರು. ಹೊರಟಾಗ ನೀರು ಶಾಲೆಯ ಎರಡನೇ ಮೆಟ್ಟಿಲಲ್ಲಿತ್ತಂತೆ. ಹಿಂದಿನ ಗೇರುಗುಡ್ಡೆ ಜಾರುತ್ತಿತ್ತು, ಬಾಣಂತಿಯನ್ನು ಇಬ್ಬರು ಹೆಂಗಸರು ರಟ್ಟೆ ಹಿಡಿದು ಹತ್ತಿಸಿದರು. ಮಗುವನ್ನು ನೆನೆಯದಂತೆ ಒಯ್ಯುವುದು ಹೇಗೆಂದು ತೋಚದೆ, ಲೀಲಕ್ಕ ಬಿಸಿಯೂಟದ ಅನ್ನದ ಪಾತ್ರೆಗೆ ಶಾಲು ಹಾಸಿ, ಅದರೊಳಗೆ ಮಲಗಿಸಿ, ಮುಚ್ಚಳವನ್ನು ಓರೆ ಇಟ್ಟು, ತಲೆಯ ಮೇಲೆ ಹೊತ್ತರು. ಅವರು ಗುಡ್ಡೆಯ ನೆತ್ತಿ ಮುಟ್ಟುವಾಗ ತರಗತಿಯ ಕಿಟಕಿ ಸರಳುಗಳಲ್ಲಿ ನೀರು ಆಡುತ್ತಿತ್ತು. ಎಲ್ಲರೂ ಬದುಕಿದರು. ಪಾತ್ರೆ ಶಾಲೆಯಿಂದ ಹೊರಗೆ ಹೋದದ್ದಕ್ಕೆ ಟೀಚರ್ ಆಮೇಲೆ ಲಿಖಿತ ವಿವರಣೆ ಕೊಡಬೇಕಾಯಿತು.

ಆದರೆ ಹೊಳೆ ಸುಮ್ಮನಿರಲಿಲ್ಲ. ಕಿಂಡಿಯಲ್ಲಿ ದಾರಿ ಸಿಗದೆ ಪಕ್ಕದ ದಂಡೆಯನ್ನು ಕೊರೆದು, ಸಂಜೀವಣ್ಣನ ಅಂಗಳದ ನಡುವಿನಿಂದಲೇ ಹೊಸ ದಾರಿ ಮಾಡಿಕೊಂಡಿತು. ಅವರ ಮನೆಯಲ್ಲಿ ಉಳಿದದ್ದು ಅಡಿಪಾಯ ಮತ್ತು ಬಚ್ಚಲಿನ ಹಂಡೆ.

ಒಂದೇ ವಾರದಲ್ಲಿ ನನಗೆ ಎರಡು ಪತ್ರ ಬಂದವು. ಅಧಿಕಾರವಿಲ್ಲದೆ ಆದೇಶ ಹೊರಡಿಸಿದ್ದಕ್ಕೆ ಕಾರಣ ಕೇಳಿ ಒಂದು ನೋಟೀಸು. ಪ್ರಾಣಹಾನಿ ತಪ್ಪಿಸಿದ ನಿಖರ ನಕ್ಷೆಗಾಗಿ ಒಂದು ಪ್ರಶಂಸಾಪತ್ರ. ಎರಡನ್ನೂ ಟೈಪ್ ಮಾಡಿದವರು ಒಬ್ಬರೇ ಗುಮಾಸ್ತರು, ನಗು ತಡೆಯಲಾಗದೆ ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಕೊಟ್ಟರು.

ನೀರು ಇಳಿದ ಮೇಲೆ, ಕೊನೆಗೂ, ಬಸ್ಸು ಹಿಡಿದು ನಡುಪಲ್ಕೆಗೆ ಹೋದೆ. ಎರಡು ದಿನ ಸಂಜೀವಣ್ಣ ಮತ್ತು ನಾನು ನೀರು ಎಲ್ಲೆಲ್ಲಿಗೆ ಬಂದಿತ್ತು ಎಂದು ಅಳೆದೆವು. ಟೇಪಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಕಸ ಅಂಟಿದ ಕೊಂಬೆ, ಕೆಸರಿನ ಗೆರೆ, ಒಂದೊಂದನ್ನೂ ತೋರಿಸಿದರು. ಒಂದು ಕಡೆ ನಾನು ಗುರುತು ಹಾಕಿದಾಗ, "ಅಲ್ಲಿಗಲ್ಲ ಸರ್, ಇನ್ನೂ ನಾಲ್ಕು ಹೆಜ್ಜೆ ಮೇಲೆ" ಎಂದು ತಿದ್ದಿದರು. ಕಚೇರಿಗೆ ಬಂದು ಅಣೆಕಟ್ಟಿನ ಆ ಉದ್ದನೆಯ ಅರ್ಜಿಯನ್ನು ಪೂರ್ತಿ ತುಂಬಿದೆ, ಕಿಂಡಿಗಳು ಕಟ್ಟಿಕೊಂಡಂತೆ ಲೆಕ್ಕ ಹಾಕಿಸಿದೆ. ಆ ನಕ್ಷೆಯಲ್ಲಿ ತಪ್ಪು ಹುಡುಕಲು ಯಾರಿಂದಲೂ ಆಗಲಿಲ್ಲ. ಶಾಲೆ ಕೆಂಪಾಯಿತು, ಹನ್ನೊಂದು ಮನೆಗಳೂ ಕೆಂಪಾದವು.

ಕೆಂಪು ಜಾಗದಲ್ಲಿ ಮನೆ ಕಟ್ಟುವಂತಿಲ್ಲ ಎಂಬುದು ನಿಯಮ. ಬಿದ್ದ ಮನೆಯನ್ನು ಮತ್ತೆ ಎಬ್ಬಿಸುವಂತೆಯೂ ಇಲ್ಲ. ಬದಲಿ ಜಾಗ ಕೊಡುವ ಕಡತ ಹೊರಟಿತು, ಈಗಲೂ ನಡೆದುಕೊಂಡೇ ಹೋಗುತ್ತಿದೆ. ಸಂಜೀವಣ್ಣ ಮತ್ತೆ ನನ್ನ ಮೇಜಿನ ಮುಂದೆ ಬಂದು ನಿಂತರು. ಜಗಳ ಮಾಡಲಿಲ್ಲ.

"ಹಸಿರು ಹಾಕಿದಾಗ ಮುಳುಗ್ಲಿಕ್ಕೆ ಆಯ್ತು. ಕೆಂಪು ಹಾಕಿದಾಗ ಓಡ್ಲಿಕ್ಕೆ ಆಯ್ತು. ನಾವು ಇರ್ಲಿಕ್ಕೆ ಆಗುವ ಬಣ್ಣ ಒಂದೂ ಇಲ್ವಾ ಸರ್ ನಿಮ್ಮ ಹತ್ರ?"

ಮುಂದಿನ ವರ್ಷ ನನಗೆ ನಿವೃತ್ತಿ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಡುಪಲ್ಕೆಯ ನಕ್ಷೆಯ ಬಗ್ಗೆ ಮೂವರು ಮಾತಾಡಿದರು.

ಕಳೆದ ಡಿಸೆಂಬರಿನಲ್ಲಿ ಮೂಡುಬಿದಿರೆಯ ನನ್ನ ಮನೆಯಿಂದ ಹೊರಟು ಒಮ್ಮೆ ಅಲ್ಲಿಗೆ ಹೋದೆ. ಕಿಂಡಿಗೆ ಹಲಗೆ ಹಾಕುವ ದಿನ. ಸಂಜೀವಣ್ಣ ಈಗ ಬಂಟ್ವಾಳದ ಹತ್ತಿರ ಮೆಲ್ಕಾರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದಾರೆ, ಲೀಲಕ್ಕ ಅಲ್ಲೇ ಬೀಡಿ ಕಟ್ಟುತ್ತಾರೆ. ಸಂಜೀವಣ್ಣ ಬೆಳಗಿನ ಮೊದಲ ಬಸ್ಸು ಹಿಡಿದು, ಎರಡು ಕಡೆ ಬದಲಾಯಿಸಿ ಬಂದಿದ್ದರು. ಯಾವ ಕಿಂಡಿಗೆ ಯಾವ ಹಲಗೆ ಎಂದು ತಿಳಿದವರು ಬೇರೆ ಯಾರೂ ಇಲ್ಲ, ಕೆಳಗಿನ ತೋಟದವರಿಗೆ ನೀರು ಬೇಕು. ಅವರ ಹಳೆಯ ಅಡಿಪಾಯದ ಪಕ್ಕದಲ್ಲಿ 'ಅಪಾಯ ವಲಯ, ವಾಸ ನಿಷೇಧ' ಎಂದು ಬೋರ್ಡು ನೆಟ್ಟಿದ್ದರು. ಬೋರ್ಡಿನಲ್ಲಿ ನನ್ನ ನಕ್ಷೆ. ಅದರ ಮೊಳೆಗೆ ತಮ್ಮ ಬುತ್ತಿಯ ಚೀಲ ತೂಗುಹಾಕಿ, ಅವರು ಲುಂಗಿ ಎತ್ತಿ ಕಟ್ಟುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಸಂಜೀವಣ್ಣ, ಅವತ್ತು ಟೇಪ್ ಹಿಡಿದದ್ದು ನೀವು. ನೀರು ಇಲ್ಲಿವರೆಗೆ ಬರ್ಲಿಲ್ಲ ಅಂತ ಹೇಳಬಹುದಿತ್ತಲ್ಲ? ನಾನು ಬರೆದುಕೊಳ್ತಿದ್ದೆ. ಇಲ್ಲೇ ಮತ್ತೆ ಮನೆ ಕಟ್ಟಬಹುದಿತ್ತು" ಎಂದೆ.

ಅವರು ಲುಂಗಿಯ ಗಂಟು ಬಿಗಿದರು.

"ಹೇಳಬಹುದಿತ್ತು. ಆಮೇಲೆ ನೀವು ಇನ್ನೊಬ್ಬರ ಬಾಣಂತಿಯನ್ನು ತಂದು ಆ ಶಾಲೆಯಲ್ಲಿ ಕೂರಿಸ್ತಿದ್ರಿ."

ಅಷ್ಟು ಹೇಳಿ ಹಲಗೆಯ ರಾಶಿಯ ಕಡೆ ನಡೆದರು. ನಾನು ನಾಚಿಕೆಯಿಂದ ಹಿಂದೆಯೇ ಹೋಗಿ, ಮೇಲಿದ್ದ ಹಲಗೆಯ ಒಂದು ತುದಿ ಹಿಡಿದು ಎತ್ತಲು ಬಗ್ಗಿದೆ.

"ಅದು ಬಿಡಿ ಸರ್" ಎಂದರು. "ಅದು ಮೊದಲು ಹೋಗುವ ಹಲಗೆ ಅಲ್ಲ."